ಹೊದಿಗೆರೆಯ ಕವಿ ಮತ್ತು ಮಕ್ಕಳ ಹಾಡಿನ ದಾರಿ

ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ, ಅಮೃತೇಶ್ವರ ದಂಡನಾಯಕನು ಕಟ್ಟಿಸಿದ ದೇವಾಲಯದ ಮಂಟಪದ ಹೊರಗೋಡೆಯ ಮೇಲೆ ದಕ್ಷಿಣಕ್ಕೆ ರಾಮಾಯಣವೂ, ಉತ್ತರಕ್ಕೆ ಕೃಷ್ಣಕಥೆ ಮತ್ತು ಮಹಾಭಾರತವೂ ಸಾಲು ಫಲಕಗಳಾಗಿ ಮೂಡಿವೆ. ಅಲ್ಲಿಯೇ ನಿಂತಿರುವ ಶಿಲಾಶಾಸನದ ಪದ್ಯಗಳನ್ನು ಮುಂದೆ ‘ಯಶೋಧರ ಚರಿತೆ’ಯನ್ನು ಬರೆದ ಜನ್ನನು ರಚಿಸಿದನು. ಪಂಡಿತರಿಗೆ ಶಾಸನದ ಪದ್ಯವಿದ್ದರೆ, ಅಕ್ಷರ ಬಾರದವರಿಗೂ ಮಕ್ಕಳಿಗೂ ಗೋಡೆಯ ಕಥೆಯಿತ್ತು; ನೀತಿಯನ್ನು ಹೇಳುವುದಕ್ಕಿಂತ ಮೊದಲು ಕಥೆಯನ್ನು ಕಣ್ಣಿಗೆ ಕಾಣಿಸಬೇಕೆಂಬ ತಿಳಿವು ಆ ಫಲಕಗಳಲ್ಲಿದೆ. ಇದೇ ತಿಳಿವನ್ನು ಮಕ್ಕಳ ಹಾಡಿಗೆ ತಂದುಕೊಟ್ಟ ಕವಿ ನೆರೆಯ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ 23 ಜೂನ್ 1944ರಂದು ಜನಿಸಿದ ಎಚ್.ಎಸ್. ವೆಂಕಟೇಶಮೂರ್ತಿ.

ಛತ್ರಪತಿ ಶಿವಾಜಿಯ ತಂದೆ ಷಹಾಜಿಯ ಸಮಾಧಿ ಇರುವ ಊರೆಂದು ಇತಿಹಾಸದ ಓದುಗರಿಗೆ ಪರಿಚಿತವಾದ ಹೊದಿಗೆರೆಯಿಂದ ಹೊರಟ ವೆಂಕಟೇಶಮೂರ್ತಿಯವರು ಮಲ್ಲಾಡಿಹಳ್ಳಿಯ ಶಾಲೆಯಲ್ಲಿ ಕೆಲಕಾಲ ಪಾಠ ಹೇಳಿ, ಅನಂತರ ಬೆಂಗಳೂರಿನ ಸೇಂಟ್ ಜೋಸೆಫ್ಸ್ ವಾಣಿಜ್ಯ ಕಾಲೇಜಿನಲ್ಲಿ ದೀರ್ಘಕಾಲ ಕನ್ನಡ ಅಧ್ಯಾಪಕರಾಗಿದ್ದರು. 1968ರಲ್ಲಿ ಬಂದ ‘ಪರಿವೃತ್ತ’ ಅವರ ಮೊದಲ ಕವನಸಂಕಲನ. ಅವರು ಡಾಕ್ಟರೇಟ್ ಪದವಿಗಾಗಿ ಆರಿಸಿಕೊಂಡ ವಿಷಯ ಕನ್ನಡದ ಕಥನಕವನ, ಎಂದರೆ ಪಾತ್ರ, ಘಟನೆ, ಸಂಭಾಷಣೆಗಳ ಮೂಲಕ ಕಥೆಯೊಂದನ್ನು ನಡೆಸಿಕೊಂಡು ಹೋಗುವ ಪದ್ಯ. ಅವರ ಮಕ್ಕಳ ಸಾಹಿತ್ಯವನ್ನು ಅರಿಯಲು ಈ ಅಧ್ಯಯನವೇ ಬೀಗದ ಕೈ. ಪಂಜೆ ಮಂಗೇಶರಾಯರು ಮತ್ತು ಜಿ.ಪಿ. ರಾಜರತ್ನಂ ಅವರು ಮಕ್ಕಳ ಪದ್ಯಕ್ಕೆ ಲಯವನ್ನೂ ಆಡುಮಾತಿನ ಸೊಗಸನ್ನೂ ಕೊಟ್ಟಿದ್ದರು; ವೆಂಕಟೇಶಮೂರ್ತಿಯವರು ಅದರೊಳಗೆ ನಾಟಕವನ್ನು ಬೆಳೆಸಿದರು. ಸೇತುವೆ ಕಟ್ಟುವ ದೊಡ್ಡವರ ನಡುವೆ ಪುಟ್ಟ ಪ್ರಾಣಿಯನ್ನು ಮುಂದಕ್ಕೆ ತರುವ ‘ಅಳಿಲು ರಾಮಾಯಣ’ ಮಕ್ಕಳಿಗಾಗಿ ಅವರು ಬರೆದ ನಾಟಕಗಳಲ್ಲೊಂದು.

ಪುಸ್ತಕದ ಪದ್ಯ ಮನೆಮನೆಯ ಹಾಡಾಗಲು ಧ್ವನಿಯ ಮಾಧ್ಯಮ ಬೇಕಾಗಿತ್ತು. ತರೀಕೆರೆ, ಅಜ್ಜಂಪುರಗಳ ಸೀಮೆಗೆ ಅದು ಹತ್ತಿರವಾದದ್ದು 1965ರಲ್ಲಿ ಭದ್ರಾವತಿ ಆಕಾಶವಾಣಿ ಕೇಂದ್ರ ಆರಂಭವಾದಾಗ. ಆಕಾಶವಾಣಿಯ ಮಕ್ಕಳ ಕಾರ್ಯಕ್ರಮವನ್ನು ನಡೆಸಿಕೊಡುತ್ತಿದ್ದವರನ್ನು ಮಕ್ಕಳು ಮನೆಯವರಂತೆಯೇ ಅಣ್ಣ, ಅಕ್ಕ ಎಂದು ಕರೆಯುತ್ತಿದ್ದರು; ಆದರೆ ಹಾಡು ಬರೆದವರ ಹೆಸರು ಎಷ್ಟೋ ಬಾರಿ ಕೇಳುಗರ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ದೂರದರ್ಶನದ ಕಥೆ ಬೇರೆ. ಕನ್ನಡದ ಮಕ್ಕಳಿಗಾಗಿ ಅದು ಮೊದಲು ಬಂದದ್ದು ರಾಜಧಾನಿಯ ಮನೆಗಳಿಗಲ್ಲ, ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿ ಶಾಲೆಗಳಿಗೆ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ಉಪಗ್ರಹ ಬೋಧನಾ ಪ್ರಯೋಗ, ಎಂದರೆ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ತಲುಪಿಸಿದ ಯೋಜನೆ, ಬೆಳಗಿನ ಅವಧಿಯನ್ನು ಶಾಲಾಮಕ್ಕಳಿಗೆ ಮೀಸಲಿಟ್ಟು ಕನ್ನಡಕ್ಕೂ ಅದರಲ್ಲಿ ಪಾಲು ಕೊಟ್ಟಿತು. ಬೆಂಗಳೂರು ದೂರದರ್ಶನ ಆರಂಭವಾದದ್ದು 1981ರಲ್ಲಿ.

ಈ ಹೊಸ ಮಾಧ್ಯಮಗಳಲ್ಲಿ ವೆಂಕಟೇಶಮೂರ್ತಿಯವರು ನಿರೂಪಕರಾಗಿ ಅಲ್ಲ, ಗೀತಕಾರರಾಗಿ ನೆಲೆಯೂರಿದರು. ಟಿ.ಎಸ್. ನಾಗಾಭರಣ ನಿರ್ದೇಶಿಸಿದ, 1993ರ ಮಕ್ಕಳ ಚಿತ್ರ ‘ಚಿನ್ನಾರಿ ಮುತ್ತ’ಕ್ಕೆ ಅವರು ಬರೆದ ಹಾಡುಗಳು ಸಿ. ಅಶ್ವಥ್ ಅವರ ಸಂಗೀತದಲ್ಲಿ ಶಾಲೆಗಳ ವಾರ್ಷಿಕೋತ್ಸವಗಳವರೆಗೂ ಹರಡಿದವು. ಕನ್ನಡದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಅದಕ್ಕೆ ಬಂದಿತು. ಹಳ್ಳಿಯ ಹುಡುಗ ನಗರಕ್ಕೆ ಬಂದು ಓಟಗಾರನಾಗುವ ಆ ಕಥೆಯಲ್ಲಿ ಹಾಡು ಕಥೆಯನ್ನು ತಡೆದು ನಿಲ್ಲಿಸುವುದಿಲ್ಲ, ತಾನೇ ಕಥೆಯನ್ನು ಮುಂದಕ್ಕೆ ಒಯ್ಯುತ್ತದೆ. ಕಥನಕವನದ ವಿದ್ವಾಂಸ ಮಾತ್ರ ಸಾಧಿಸಬಹುದಾದ ಹದವಿದು. ಮುಂದೆ ಟಿ.ಎನ್. ಸೀತಾರಾಮ್ ಅವರ ಕಿರುತೆರೆ ಧಾರಾವಾಹಿಗಳಿಗೆ ಬರೆದ ಶೀರ್ಷಿಕೆ ಗೀತೆಗಳು, ಎಂದರೆ ಪ್ರತಿ ಕಂತಿನ ಆರಂಭದಲ್ಲಿ ಬರುವ ಹಾಡುಗಳು, ಅವರ ಪದಗಳನ್ನು ದಿನನಿತ್ಯದ ಕೇಳ್ಮೆಯಾಗಿಸಿದವು. 2020ರಲ್ಲಿ ಕಲಬುರಗಿಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ದೊರೆಯಿತು. 30 ಮೇ 2025ರಂದು ಅವರು ನಿಧನರಾದರು.

ಅವರ ಹಾಡುಗಳು ಅಚ್ಚಿನಲ್ಲಿಯೂ ಧ್ವನಿಮುದ್ರಿಕೆಗಳಲ್ಲಿಯೂ ಉಳಿದಿವೆ. ಬಾನುಲಿಯ ಅಣ್ಣ, ಅಕ್ಕಂದಿರ ಪಾಲಿಗೆ ಆ ಭಾಗ್ಯ ಸುಲಭವಲ್ಲ. ಆಕಾಶವಾಣಿ ಕೇಂದ್ರಗಳಲ್ಲಿ ಉಳಿದಿರುವ ಮಕ್ಕಳ ಕಾರ್ಯಕ್ರಮಗಳ ಧ್ವನಿಸುರುಳಿಗಳನ್ನು ಅಕ್ಷರಕ್ಕಿಳಿಸಿ, ಬರೆದವರ, ಹಾಡಿದವರ, ನಡೆಸಿಕೊಟ್ಟವರ ಹೆಸರುಗಳೊಡನೆ ಪ್ರಕಟಿಸುವ ಕೆಲಸವನ್ನು ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ತಡಮಾಡದೆ ಕೈಗೆತ್ತಿಕೊಳ್ಳಬೇಕು.