ನೀಲದ್ರಾವಣದೊಳಗಿನ ಚಕ್ರಗಳು

ಉಕ್ಕಿಗೆ ಬೆರಸಿದರೆ ಅದಕ್ಕೆ ಹೆಚ್ಚಿನ ಬಲವನ್ನು ಕೊಡುವ ಮಾಲಿಬ್ಡಿನಂ ಎಂಬ ಲೋಹವೊಂದುಂಟು. ಇದರ ಲವಣವನ್ನು ನೀರಿನಲ್ಲಿ ಕರಗಿಸಿ, ಆಮ್ಲವನ್ನು ಬೆರಸಿ, ಅಪಕರ್ಷಕವಾದ ವಸ್ತುವನ್ನು ಸ್ವಲ್ಪ ಹಾಕಿದರೆ ದ್ರಾವಣವು ಗಾಢವಾದ ನೀಲವರ್ಣವನ್ನು ತಾಳುವುದು. ಈ ನೀಲಿಯ ಒಳಗೆ ಇರುವುದೇನು? ಇದಕ್ಕೆ ಉತ್ತರ ದೊರೆಯಲು ಎರಡು ಶತಮಾನಗಳು ಹಿಡಿದುವು.

ಸ್ವೀಡನ್ ದೇಶದ ಷೀಲೆ ಎಂಬಾತನು 1778ರಲ್ಲಿ ಈ ಲೋಹದ ಆಕ್ಸೈಡನ್ನು ಅದಿರಿನಿಂದ ಪಡೆದನು. ಅದೇ ದೇಶದ ಬರ್ಜೀಲಿಯಸನು 1826ರಲ್ಲಿ ನೀಲವಸ್ತುವಿಗೆ ಒಂದು ಸೂತ್ರವನ್ನು ಕೊಟ್ಟನು. ಆ ಮಹನೀಯನ ತಕ್ಕಡಿಯು ಅತ್ಯಂತ ನಿಷ್ಠೆಯುಳ್ಳದ್ದೇ ಸರಿ. ಆದರೆ ಎಷ್ಟು ಇಟ್ಟಿಗೆ, ಎಷ್ಟು ಮರ ಬಿದ್ದಿತೆಂಬ ಲೆಕ್ಕದಿಂದ ಮನೆಯ ಪಡಸಾಲೆ ಯಾವ ದಿಕ್ಕಿಗಿದೆಯೆಂದು ತಿಳಿಯುವುದೆ? ಆಕಾರವು ಗುಪ್ತವಾಗಿಯೇ ಉಳಿಯಿತು.

ಆಕಾರ ತಿಳಿಯದಿದ್ದರೂ ಬಣ್ಣದ ಉಪಯೋಗವೇನೂ ನಿಲ್ಲಲಿಲ್ಲ. ಆಂಧ್ರದಲ್ಲಿ ಹುಟ್ಟಿ ಅಮೆರಿಕದ ಹಾರ್ವರ್ಡಿನಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾಯರು, ಫಿಸ್ಕೆ ಎಂಬವರೊಡನೆ, ಇಂತಹದೇ ನೀಲಿಯ ಸಹಾಯದಿಂದ ರಕ್ತ ಮೂತ್ರಗಳಲ್ಲಿನ ರಂಜಕವನ್ನು ಅಳೆಯುವ ಕ್ರಮವನ್ನು 1925ರಲ್ಲಿ ಪ್ರಕಟಿಸಿದರು.

ಮೊದಲ ಬೆಳಕು ಬಿದ್ದುದು ಈ ಲೋಹದ ಬಂಧುವಾದ ಟಂಗ್‌ಸ್ಟನ್ನಿನ ಮೇಲೆ. ಮ್ಯಾಂಚೆಸ್ಟರಿನ ಕೆಗ್ಗಿನ್ 1933ರಲ್ಲಿ ಕ್ಷಕಿರಣಗಳ ನೆರವಿನಿಂದ, ಒಂದು ರಂಜಕ ಪರಮಾಣುವಿನ ಸುತ್ತಲೂ ಹನ್ನೆರಡು ಟಂಗ್‌ಸ್ಟನ್ ಪರಮಾಣುಗಳು ಆಮ್ಲಜನಕದ ಕೊಂಡಿಗಳಿಂದ ಹೆಣೆದುಕೊಂಡಿರುವುದನ್ನು ತೋರಿಸಿದನು. ಮಾಲಿಬ್ಡಿನಂ ನೀಲಿಯಾದರೋ ನೀರಿನಲ್ಲಿ ಅತಿಯಾಗಿ ಕರಗತಕ್ಕದ್ದು. ಅದರಿಂದ ಒಳ್ಳೆಯ ಹರಳುಗಳನ್ನು ಪಡೆಯುವುದೇ ಕಷ್ಟವಾಗಿದ್ದಿತು. ಹರಳಿಲ್ಲದೆ ಕ್ಷಕಿರಣಕ್ಕೆ ಕೆಲಸವಿಲ್ಲ. ಕೊನೆಗೆ ಜರ್ಮನಿಯ ಬೀಲೆಫೆಲ್ಡ್ ವಿಶ್ವವಿದ್ಯಾನಿಲಯದ ಆಕಿಮ್ ಮ್ಯೂಲರ್ ಮತ್ತು ಸಂಗಡಿಗರು 1995ರಲ್ಲಿ 154 ಮಾಲಿಬ್ಡಿನಂ ಪರಮಾಣುಗಳುಳ್ಳ ಬಂಡಿಚಕ್ರದಂತಹ ಅಣುವನ್ನು ಕಂಡರು. ಅಡ್ಡಳತೆ ಸುಮಾರು ಮೂರೂವರೆ ನ್ಯಾನೊಮೀಟರು; ಒಂದು ನ್ಯಾನೊಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ನೀಲಿಯಲ್ಲಿರುವುದೂ ಇಂತಹ ಚಕ್ರಗಳೇ ಎಂದು ಮುಂದಿನ ವರ್ಷಗಳಲ್ಲಿ ಸ್ಥಿರಪಟ್ಟಿತು.

ಚಕ್ರಗಳು ಕೂಡ ಸುಮ್ಮನಿರತಕ್ಕವಲ್ಲ. ಅವು ದ್ರಾವಣದಲ್ಲಿ ತಾವಾಗಿಯೇ ಒಂದುಗೂಡಿ ಟೊಳ್ಳಾದ ಗೋಳಗಳಾಗುವುವೆಂದು ಟಿಯಾನ್ಬೊ ಲಿಯು ಮತ್ತು ಅವರ ಜೊತೆಗಾರರು 2003ರಲ್ಲಿ ಬೆಳಕಿನ ಚದರಿಕೆಯನ್ನಳೆದು ತಿಳಿಸಿದರು. ಒಂದೊಂದು ಗೋಳಕ್ಕೂ ಸುಮಾರು 1165 ಚಕ್ರಗಳು. ಗೋಳದ ತ್ರಿಜ್ಯ ಸುಮಾರು 45 ನ್ಯಾನೊಮೀಟರು. ಇಲ್ಲಿ ಆಶ್ಚರ್ಯಪಡಬೇಕಾದ ಸಂಗತಿಯೊಂದುಂಟು. ಜೀವಕೋಶದ ಪೊರೆಯ ಅಣುಗಳಿಗೆ ನೀರನ್ನೊಲ್ಲದ ಎಣ್ಣೆಯ ಬಾಲವಿರುವುದರಿಂದ ಅವು ಒತ್ತಾಗಿ ಸೇರುವುವು. ಈ ಚಕ್ರಗಳಿಗೆ ಬಾಲವೂ ಇಲ್ಲ, ನೀರಿನ ಮೇಲೆ ಹಗೆಯೂ ಇಲ್ಲ. ಮೇಲಾಗಿ ಎಲ್ಲವೂ ಒಂದೇ ಜಾತಿಯ ವಿದ್ಯುದಂಶವುಳ್ಳವಾದುದರಿಂದ ಒಂದನ್ನೊಂದು ದೂಡಬೇಕು. ನಡುವೆ ಸುಳಿದಾಡುವ ಸಣ್ಣ ಧನ ಅಯಾನುಗಳು ಅವುಗಳಿಗೆ ಸಂಧಿ ಮಾಡಿಸುವುವೆಂದು ಈಗ ತಿಳಿದಿದೆ.

ಚಕ್ರವೇ ಹೇಗೆ ಹುಟ್ಟುವುದೆಂಬುದು 2010ರವರೆಗೂ ತೊಡಕಾಗಿದ್ದಿತು. ಗ್ಲಾಸ್ಗೊ ನಗರದ ಲೀ ಕ್ರೋನಿನ್ನರೂ ಮ್ಯೂಲರರೂ ಕೂಡಿ ನಡೆಸಿದ ಕೆಲಸದಲ್ಲಿ, ದ್ರಾವಣವನ್ನು ಸಂತತವಾಗಿ ಹರಿಯಿಸುತ್ತ, ನಡುಹಂತವೊಂದನ್ನು ಹರಳಾಗಿ ಹಿಡಿದರು. ಚಕ್ರದ ಹೊಟ್ಟೆಯಲ್ಲಿ 36 ಮಾಲಿಬ್ಡಿನಂ ಪರಮಾಣುಗಳ ಚಿಕ್ಕ ಗುಂಪೊಂದು ಕುಳಿತಿದ್ದಿತು. ಕಮಾನು ಕಟ್ಟುವವರು ಕೆಳಗೆ ಕೊಡುವ ಮರದ ಅಚ್ಚಿನಂತೆ ಅದರ ಸುತ್ತಲೂ ಚಕ್ರವು ಬೆಳೆಯುವುದು. ಅಪಕರ್ಷಣವು ಮುಂದುವರಿದಂತೆ ಅಚ್ಚು ಹೊರಬೀಳುವುದು, ಚಕ್ರವೊಂದೇ ನಿಲ್ಲುವುದು.