ದುಃಖಕ್ಕೆ ಒಬ್ಬ ಅಪರಾಧಿ ಬೇಕು: ಹಾಸನದ ಸಾವುಗಳು ಮತ್ತು ಪಿತೂರಿಯ ಕಥೆಗಳು

2025ರ ಜೂನ್ ತಿಂಗಳಿನಲ್ಲಿ ಹಾಸನ ಜಿಲ್ಲೆಯ ಮನೆಮನೆಗಳಲ್ಲಿ ಒಂದೇ ಪ್ರಶ್ನೆ ಕೇಳಿಬರುತ್ತಿತ್ತು: ‘ಇಂದು ಯಾರು ಹೋದರು?’ ಸುಮಾರು 40 ದಿನಗಳ ಅವಧಿಯಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಮೃತಪಟ್ಟರೆಂಬ ಸುದ್ದಿ ಜಿಲ್ಲೆಯನ್ನು ನಡುಗಿಸಿತು. ಅವರಲ್ಲಿ ಯುವಕರೂ ಇದ್ದರು. ನಿನ್ನೆ ಮಾತನಾಡಿದವರು ಇಂದು ಇಲ್ಲವೆಂಬ ಭಯ ಎಷ್ಟು ಬೆಳೆಯಿತೆಂದರೆ, ಯಾವ ನೋವೂ ಇಲ್ಲದವರು ಕೂಡ ಮೈಸೂರಿನ ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ನಸುಕಿನಲ್ಲೇ ಸಾಲುಗಟ್ಟಿ ನಿಂತರು.

ಆ ದಿನಗಳಲ್ಲಿ ನಾವು ಹಾಸನದ ಹೊರವಲಯದ ಬೂವನಹಳ್ಳಿಯಲ್ಲಿ ಬಂಧುಗಳ ಮನೆಗೆ ಹೋಗಿದ್ದೆವು. ಮನೆಯ ಹಿರಿಯರಾದ ಚಾಚಾರವರು ರಕ್ತದೊತ್ತಡದ ಮಾತ್ರೆಯನ್ನು ನಿಲ್ಲಿಸಿಬಿಟ್ಟಿದ್ದರು. ಕಾರಣ ಕೇಳಿದಾಗ ಅವರು ಶಾಂತವಾಗಿಯೇ ಉತ್ತರಿಸಿದರು: “ಕೊರೊನಾ ಚುಚ್ಚುಮದ್ದು ಒಳಗೆ ಸೇರಿಯಾಗಿದೆಯಲ್ಲ ಮಗಾ. ಜನರನ್ನು ಕಡಿಮೆ ಮಾಡಬೇಕೆಂದೇ ಅದನ್ನು ಕೊಟ್ಟರಂತೆ. ಇನ್ನು ಈ ಮಾತ್ರೆ ಏನು ತಾನೇ ಮಾಡೀತು?” ಮನೆಯಲ್ಲಿ ಯಾರೂ ನಗಲಿಲ್ಲ, ಯಾರೂ ಎದುರಾಡಲೂ ಇಲ್ಲ. ಎಲ್ಲರ ಮೊಬೈಲಿಗೂ ಅದೇ ಧ್ವನಿಸಂದೇಶ ಬಂದಿತ್ತು.

ಚಾಚಾರವರು ಮೂರ್ಖರಲ್ಲ. ಲೆಕ್ಕದಲ್ಲಿ, ವ್ಯವಹಾರದಲ್ಲಿ, ಮನುಷ್ಯರನ್ನು ಅಳೆಯುವುದರಲ್ಲಿ ಅವರು ನಮಗಿಂತ ಚುರುಕು. ಅಂಥವರು ಇಂತಹ ಕಥೆಯನ್ನು ಏಕೆ ನಂಬುತ್ತಾರೆ? ‘ಅಜ್ಞಾನ’ ಎಂಬ ಒಂದೇ ಪದದಿಂದ ಇದಕ್ಕೆ ಉತ್ತರಿಸುವುದು ಸುಲಭ, ಆದರೆ ಅದು ಸತ್ಯವಲ್ಲ.

ಮೊದಲು ನಡೆದುದನ್ನು ನೋಡೋಣ. 2025ರ ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಕೋವಿಡ್ ಲಸಿಕೆಗೆ ಆತುರದಲ್ಲಿ ಅನುಮೋದನೆ ನೀಡಿ ವಿತರಿಸಿದ್ದೂ ಈ ಸಾವುಗಳಿಗೆ ಒಂದು ಕಾರಣವಾಗಿರಬಹುದೆಂಬ ಸಂದೇಹವನ್ನು ಸಾರ್ವಜನಿಕವಾಗಿ ವ್ಯಕ್ತಪಡಿಸಿದರು. ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯವು ಲಸಿಕೆಗೂ ಹಠಾತ್ ಸಾವುಗಳಿಗೂ ಸಂಬಂಧವಿಲ್ಲವೆಂದು ಹೇಳಿಕೆ ನೀಡಿತು. ಹೀಗೆ ವೈದ್ಯಕೀಯ ಪ್ರಶ್ನೆಯೊಂದು ಎರಡು ಸರಕಾರಗಳ ನಡುವಿನ ವಾದವಾಯಿತು. ಅಲ್ಲಿಂದಾಚೆಗೆ ಜನರು ಸಾಕ್ಷ್ಯವನ್ನು ನೋಡುವ ಬದಲು ತಮ್ಮ ಪಕ್ಷವನ್ನು ನೋಡಿ ಉತ್ತರವನ್ನು ಆರಿಸಿಕೊಳ್ಳತೊಡಗಿದರು.

ಆಗ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ರಾಜ್ಯ ಸರಕಾರವೇ ನೇಮಿಸಿದ್ದ ಸಮಿತಿಯು ಅದೇ ಜುಲೈಯಲ್ಲಿ ತನ್ನ ಅಧ್ಯಯನವನ್ನು ಮುಂದಿಟ್ಟಿತು. ಹಾಸನದ 24 ಸಾವುಗಳನ್ನು ಪರಿಶೀಲಿಸಲಾಗಿ, ಅವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು, ಉಳಿದ 4 ಬೇರೆ ಕಾರಣಗಳವು. ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳು ಅಸಹಜವಾಗಿ ಏರಿದ್ದಕ್ಕೆ ಆಧಾರ ಸಿಗಲಿಲ್ಲ. ಲಸಿಕೆಯ ಕೈವಾಡವೂ ಕಾಣಲಿಲ್ಲ. ಅಧಿಕ ರಕ್ತದೊತ್ತಡ, ಮಧುಮೇಹ, ಬೊಜ್ಜು, ಧೂಮಪಾನ ಮುಂತಾದ ಹಳೆಯ ಶತ್ರುಗಳೇ ಮತ್ತೆ ಕಂಡುಬಂದವು. ಅದಕ್ಕೂ ಮುಂಚೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 19 ರಾಜ್ಯಗಳ 47 ಆಸ್ಪತ್ರೆಗಳಲ್ಲಿ 18ರಿಂದ 45 ವರ್ಷದವರ ಹಠಾತ್ ಸಾವುಗಳನ್ನು ಅಧ್ಯಯನ ಮಾಡಿ, ಲಸಿಕೆಯು ಅಂತಹ ಸಾವಿನ ಅಪಾಯವನ್ನು ಹೆಚ್ಚಿಸಿಲ್ಲವೆಂದು ಕಂಡುಕೊಂಡಿತ್ತು.

ಆದರೂ ಚಾಚಾರವರ ಮೊಬೈಲಿನಲ್ಲಿದ್ದ ಧ್ವನಿಸಂದೇಶ ಅಳಿಸಿಹೋಗಲಿಲ್ಲ. ವರದಿ ಬಂದ ಮೇಲೂ ಕಥೆ ಉಳಿದುಕೊಳ್ಳುವುದಕ್ಕೆ ನಮಗೆ ತೋಚುವ ಕಾರಣಗಳು ಮೂರು.

ಮೊದಲನೆಯದು ದುಃಖದ ಸ್ವಭಾವ. ದೊಡ್ಡ ದುಃಖಕ್ಕೆ ದೊಡ್ಡ ಕಾರಣವೇ ಇರಬೇಕೆಂದು ಮನಸ್ಸು ಹಟ ಹಿಡಿಯುತ್ತದೆ. ಇಪ್ಪತ್ತೈದರ ಮಗನನ್ನು ಕಳೆದುಕೊಂಡ ತಾಯಿಗೆ, ರಕ್ತನಾಳದೊಳಗಿನ ಒಂದು ಸಣ್ಣ ಹೆಪ್ಪು ಅವನನ್ನು ಕೊಂಡೊಯ್ದಿತೆಂದರೆ ಸಮಾಧಾನವಾಗುವುದಿಲ್ಲ. ಅಷ್ಟು ದೊಡ್ಡ ನಷ್ಟಕ್ಕೆ ಅಷ್ಟು ಸಣ್ಣ ಕಾರಣವೇ? 1979ರಲ್ಲಿ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ ನೋಡಿದರು. ಅಧ್ಯಕ್ಷನ ಮೇಲೆ ಗುಂಡು ಹಾರಿತೆಂಬ ಕಲ್ಪಿತ ಘಟನೆಯನ್ನು ಜನರ ಮುಂದಿಟ್ಟಾಗ, ಅಧ್ಯಕ್ಷನು ಬದುಕಿ ಉಳಿದನೆಂದು ಹೇಳಿದ್ದಕ್ಕಿಂತ ಸತ್ತನೆಂದು ಹೇಳಿದಾಗಲೇ ಅವರು ಹೆಚ್ಚಾಗಿ ಸಂಚನ್ನು ಊಹಿಸಿದರು. ಗುಂಡು ಒಂದೇ, ಕೊಲೆಗಾರನೂ ಒಬ್ಬನೇ. ಪರಿಣಾಮ ದೊಡ್ಡದಾದೊಡನೆ ಕಾರಣವೂ ದೊಡ್ಡದಾಯಿತು.

ಇದಕ್ಕಿಂತ ಸ್ಪಷ್ಟವಾದ ಪಾಠ ನಮ್ಮ ಇತಿಹಾಸದಲ್ಲಿಯೇ ಇದೆ. ಹಿಜರಿ 10ರಲ್ಲಿ ಪ್ರವಾದಿ(ಸ)ರವರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನವೇ ಮದೀನಾದಲ್ಲಿ ಸೂರ್ಯಗ್ರಹಣವಾಯಿತು. ಈ ಮಗುವಿನ ಸಾವಿಗಾಗಿಯೇ ಸೂರ್ಯನು ಕಪ್ಪಾದನೆಂದು ಜನರು ಮಾತನಾಡಿಕೊಂಡರು. ಎಷ್ಟು ಸಹಜವಾದ ಮಾತು! ಪ್ರೀತಿಯಿಂದ ಹುಟ್ಟಿದ ಮಾತು ಕೂಡ. ಅದನ್ನು ಹಾಗೆಯೇ ಬಿಟ್ಟಿದ್ದರೆ ಪ್ರವಾದಿ(ಸ)ರವರ ಗೌರವ ಜನರ ಕಣ್ಣಿನಲ್ಲಿ ಮತ್ತಷ್ಟು ಹೆಚ್ಚುತ್ತಿತ್ತು. ಆದರೆ ಮಗನನ್ನು ಮಣ್ಣು ಮಾಡಿದ ತಂದೆಯು ನಮಾಝಿನ ಬಳಿಕ ಜನರೆದುರು ನಿಂತು, ಸೂರ್ಯಚಂದ್ರರಿಗೆ ಯಾರ ಸಾವಿನಿಂದಲೂ ಯಾರ ಹುಟ್ಟಿನಿಂದಲೂ ಗ್ರಹಣ ಹಿಡಿಯುವುದಿಲ್ಲವೆಂದು ತಿದ್ದಿದರು. ಒಂದೇ ದಿನ ನಡೆದ ಎರಡು ಘಟನೆಗಳ ನಡುವೆ ಕಾರ್ಯಕಾರಣದ ನಂಟನ್ನು ಕಟ್ಟಲು ತಮ್ಮ ದುಃಖದ ಘಳಿಗೆಯಲ್ಲಿಯೂ ಅವರು ಅವಕಾಶ ಕೊಡಲಿಲ್ಲ.

ಎರಡನೆಯ ಕಾರಣ ಎಣಿಕೆ. ಹಾಸನದಲ್ಲಿ ಹೃದಯಾಘಾತದಿಂದ ಜನರು ಹಿಂದೆಯೂ ಸಾಯುತ್ತಿದ್ದರು. ಆದರೆ ಆಗ ಪ್ರತಿಯೊಂದು ಸಾವೂ ಆಯಾ ಮನೆಯ ಸಾವಾಗಿತ್ತು. ದೂರದರ್ಶನ ವಾಹಿನಿಗಳು ಸಂಖ್ಯೆಯನ್ನು ದಿನದಿನವೂ ಏರಿಸಿ ತೋರಿಸಲಾರಂಭಿಸಿದ ಮೇಲೆ ಪ್ರತಿಯೊಂದು ಸಾವೂ ಒಂದು ಸರಣಿಯ ಮುಂದಿನ ಕೊಂಡಿಯಾಯಿತು. ಪಕ್ಕದ ಜಿಲ್ಲೆಯಲ್ಲಿ ಅಷ್ಟೇ ಮಂದಿ ಸತ್ತಿದ್ದರೂ ಅಲ್ಲಿ ಎಣಿಸುವವರಿರಲಿಲ್ಲ. ತನ್ನ ಕೈಯಲ್ಲಿ ಏನೂ ಇಲ್ಲವೆಂದು ಅನಿಸಿದ ಮನುಷ್ಯನು ಇಲ್ಲದ ವಿನ್ಯಾಸವನ್ನೂ ಕಾಣತೊಡಗುತ್ತಾನೆ. 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಪರಿಸ್ಥಿತಿ ತಮ್ಮ ಹಿಡಿತದಲ್ಲಿಲ್ಲವೆಂಬ ಭಾವನೆಗೆ ಒಳಗಾದವರು ಬರಿಯ ಚುಕ್ಕೆಗಳ ರಾಶಿಯಲ್ಲಿಯೂ ಆಕೃತಿಗಳನ್ನು ಕಂಡರು. ಪಿತೂರಿಯ ಕಥೆಯಲ್ಲಿ ಒಂದು ವಿಚಿತ್ರವಾದ ನೆಮ್ಮದಿಯಿದೆ. ಯಾರೋ ಕೆಟ್ಟವರು ನಡೆಸುತ್ತಿದ್ದಾರೆಂಬುದು, ಯಾರೂ ನಡೆಸುತ್ತಿಲ್ಲವೆಂಬುದಕ್ಕಿಂತ ಕಡಿಮೆ ಭಯಾನಕ.

ಮೂರನೆಯ ಕಾರಣವೇ ಬಹು ಮುಖ್ಯವಾದುದು. ಅದು ಮುರಿದ ನಂಬಿಕೆ.

1896ರಲ್ಲಿ ಮುಂಬಯಿಗೆ ಪ್ಲೇಗ್ ಬಂದಿತು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಬಲದಿಂದ ಬ್ರಿಟಿಷ್ ಸರಕಾರವು ಮನೆಗಳನ್ನು ಶೋಧಿಸಿತು, ರೋಗಿಗಳನ್ನು ಎಳೆದೊಯ್ದಿತು, ಸಾಮಾನುಗಳನ್ನು ಸುಟ್ಟಿತು, ಪರದೆಯಲ್ಲಿದ್ದ ಹೆಂಗಸರನ್ನು ಪರೀಕ್ಷಿಸಲು ಮುಂದಾಯಿತು. ಆಗ ಹಬ್ಬಿದ ವದಂತಿಗಳು ಇಂದಿನವುಗಳಿಗಿಂತ ಕಡಿಮೆಯೇನಲ್ಲ. ವಿಕ್ಟೋರಿಯಾ ರಾಣಿಯ ಪ್ರತಿಮೆಗೆ ಡಾಂಬರು ಬಳಿದ ಸಿಟ್ಟನ್ನು ತಣಿಸಲು ಆಸ್ಪತ್ರೆಯ ರೋಗಿಗಳ ಹೃದಯಗಳನ್ನು ಆಕೆಗೆ ಕಳುಹಿಸುತ್ತಿದ್ದಾರೆಂದು ಜನರು ನಂಬಿದರು. 1898ರ ಮಾರ್ಚ್ 9ರಂದು ಮುಂಬಯಿಯ ಮುಸ್ಲಿಮ್ ನೇಕಾರರ ಕೇರಿಯೊಂದರಲ್ಲಿ, ಶೋಧಕರ ತಂಡವು ರೋಗಿಯಾದ ಒಬ್ಬ ಹುಡುಗಿಯನ್ನು ಪರೀಕ್ಷಿಸಲು ಹೊರಟಾಗ ಗಲಭೆಯೆದ್ದು ಜೀವಗಳು ಹೋದವು. ಅದೇ ವರ್ಷ ಪ್ಲೇಗ್ ಬೆಂಗಳೂರನ್ನೂ ತಲುಪಿ ಜನರು ಊರು ಬಿಟ್ಟರು. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಜನರು ದಂಗೆಯೆದ್ದರು.

ಹೃದಯಗಳನ್ನು ಕಳುಹಿಸಿದ ಕಥೆ ಸುಳ್ಳು. ಆದರೆ ಬಾಗಿಲು ಮುರಿದದ್ದು ಸುಳ್ಳಲ್ಲ. ಬಾಗಿಲು ಮುರಿದು ಒಳಬಂದವನು ಔಷಧವೆಂದು ಕೊಟ್ಟದ್ದನ್ನು ವಿಷವೆಂದು ತಿಳಿಯುವುದರಲ್ಲಿ ಆಶ್ಚರ್ಯವೇನಿದೆ? 1902ರಲ್ಲಿ ಪಂಜಾಬಿನ ಮಲ್ಕೊವಾಲ್ ಎಂಬ ಹಳ್ಳಿಯಲ್ಲಿ ಹಾಫ್ಕಿನ್ ಅವರ ಪ್ಲೇಗ್ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತಾಗ ವದಂತಿಗೆ ಒಂದು ನಿಜವಾದ ಆಸರೆಯೂ ಸಿಕ್ಕಿತು. ಒಂದು ಸೀಸೆ ಕಲುಷಿತಗೊಂಡದ್ದು ಅದಕ್ಕೆ ಕಾರಣ. ಹಾಫ್ಕಿನ್ ಅವರು ದೋಷಮುಕ್ತರಾಗುವುದಕ್ಕೆ 1907ರವರೆಗೆ ಕಾಯಬೇಕಾಯಿತು. ಆದರೆ ಹುಬ್ಬಳ್ಳಿಯಲ್ಲಿ 1898ರಲ್ಲಿಯೇ ಸಾವಿರಾರು ಮಂದಿ ಅದೇ ಲಸಿಕೆಯನ್ನು ಚುಚ್ಚಿಸಿಕೊಂಡಿದ್ದರೆಂಬುದನ್ನೂ ಮರೆಯುವಂತಿಲ್ಲ. ನಮ್ಮ ಜನರು ಸಂದೇಹಪಡುವುದಕ್ಕಾಗಿಯೇ ಹುಟ್ಟಿದವರಲ್ಲ.

ನಮ್ಮ ಕಾಲದಲ್ಲಿಯೂ ಹೀಗೆಯೇ. 2011ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಯು ಬಿನ್ ಲಾಡೆನ್‌ನನ್ನು ಪತ್ತೆಹಚ್ಚಲು ಅಬೋಟಾಬಾದಿನಲ್ಲಿ ಸುಳ್ಳು ಲಸಿಕಾ ಅಭಿಯಾನವನ್ನು ನಡೆಸಿತು. ಅದು ಬಯಲಾದ ಮೇಲೆ ಪಾಕಿಸ್ತಾನದಲ್ಲಿ ಪೋಲಿಯೊ ಹನಿ ಹಾಕಲು ಹೋದ ಹೆಣ್ಣುಮಕ್ಕಳ ಮೇಲೆ ಗುಂಡು ಹಾರಿತು. ಕೋವಿಶೀಲ್ಡ್‌ನ ಮೂಲ ತಯಾರಕರಾದ ಆಸ್ಟ್ರಾಜೆನೆಕಾ ಕಂಪೆನಿಯು, ಅತ್ಯಂತ ವಿರಳವಾಗಿ ಲಸಿಕೆಯಿಂದ ರಕ್ತ ಹೆಪ್ಪುಗಟ್ಟಬಹುದೆಂದು ಬ್ರಿಟನ್ನಿನ ನ್ಯಾಯಾಲಯದಲ್ಲಿ ಒಪ್ಪಿಕೊಂಡ ಸುದ್ದಿ 2024ರಲ್ಲಿ ಬಂದಿತು. ಅದು ವಿರಳವೆಂಬ ಮಾತು ಸುದ್ದಿಯ ಹಿಂದೆ ಉಳಿಯಿತು, ಒಪ್ಪಿಕೊಂಡರೆಂಬ ಮಾತು ಮಾತ್ರ ಮುಂದೆ ಓಡಿತು. ಇನ್ನು ಬೂವನಹಳ್ಳಿಯವರ ಮಟ್ಟಿಗೆ ಹೇಳುವುದಾದರೆ, ಊರಿನ ವಿಮಾನ ನಿಲ್ದಾಣದ ಕಾಮಗಾರಿ ವರ್ಷಗಟ್ಟಲೆ ನಿಂತುಹೋದುದನ್ನೂ ಮತ್ತೆ ಆರಂಭವಾದುದನ್ನೂ ಕಂಡ ಜನರು ಸರಕಾರದ ಮಾತನ್ನು ಅರ್ಧಕ್ಕೆ ಕೇಳುವುದನ್ನು ಅನುಭವದಿಂದಲೇ ಕಲಿತಿದ್ದಾರೆ.

ನಮ್ಮ ಸಮುದಾಯವಂತೂ ಪಿತೂರಿಯ ಕಥೆಯ ಉರಿಯನ್ನು ಸ್ವತಃ ಅನುಭವಿಸಿದೆ. 2020ರ ವಸಂತದಲ್ಲಿ ದಿಲ್ಲಿಯ ನಿಝಾಮುದ್ದೀನ್ ಘಟನೆಯ ಬಳಿಕ, ಮುಸ್ಲಿಮರು ಉದ್ದೇಶಪೂರ್ವಕವಾಗಿ ರೋಗ ಹರಡುತ್ತಿದ್ದಾರೆಂಬ ಸುಳ್ಳು ದೇಶದಾದ್ಯಂತ ಹಬ್ಬಿತು. ನಮ್ಮ ತರಕಾರಿ ವ್ಯಾಪಾರಿಗಳನ್ನು ಬೀದಿಗಳಿಂದ ಅಟ್ಟಲಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ವಿದೇಶಿ ತಬ್ಲೀಗಿಗಳ ಮೇಲಿನ ಮೊಕದ್ದಮೆಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶುಗಳನ್ನಾಗಿ ಮಾಡಲಾಗಿತ್ತೆಂಬ ಅಭಿಪ್ರಾಯಕ್ಕೆ ಬಂದಿತು. ಆ ತೀರ್ಪು ನಮಗೆ ಸಮಾಧಾನ ತಂದಿತು. ಆದರೆ ಅದೇ ಏಪ್ರಿಲ್ ತಿಂಗಳಿನಲ್ಲಿ, ಬೆಂಗಳೂರಿನ ಮುಸ್ಲಿಮ್ ಬಡಾವಣೆಯೊಂದರಲ್ಲಿ ಆರೋಗ್ಯ ಸಮೀಕ್ಷೆಗೆ ಬಂದಿದ್ದ ಆಶಾ ಕಾರ್ಯಕರ್ತೆಯರನ್ನು ಪೌರತ್ವ ನೋಂದಣಿಗಾಗಿ ಮಾಹಿತಿ ಕದಿಯಲು ಬಂದವರೆಂದು ಶಂಕಿಸಿ ಅಡ್ಡಗಟ್ಟಿದ್ದನ್ನೂ ನಾವು ನೆನೆಯಬೇಕು. ಕೆಲವೇ ತಿಂಗಳ ಹಿಂದೆ ಪೌರತ್ವದ ಭಯ ನಿಜವಾಗಿತ್ತು. ಆದರೆ ಮನೆಬಾಗಿಲಿಗೆ ಬಂದ ಆ ಬಡ ಹೆಣ್ಣುಮಗಳು ಆ ಭಯಕ್ಕೆ ಕಾರಣಳಾಗಿರಲಿಲ್ಲ. ಸುಳ್ಳಿಗೆ ಬಲಿಯಾದವರು ಸುಳ್ಳನ್ನು ಸಾಗಿಸುವುದಿಲ್ಲವೆಂಬ ಖಾತರಿಯೇನೂ ಇಲ್ಲ. ಗಾಯಗೊಂಡವನೇ ಮತ್ತೊಂದು ಸುಳ್ಳಿಗೆ ಬೇಗನೆ ಕಿವಿಗೊಡುತ್ತಾನೆ.

ಹಾಗಾದರೆ ಸಂದೇಹವೇ ತಪ್ಪೇ? ಖಂಡಿತ ಅಲ್ಲ. ಅಧಿಕಾರಸ್ಥರು ನಿಜವಾಗಿಯೂ ಸಂಚು ಹೂಡುತ್ತಾರೆ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಕಪ್ಪು ಜನಾಂಗದ ರೋಗಿಗಳಿಗೆ ಚಿಕಿತ್ಸೆ ನೀಡದೆ ರೋಗದ ಬೆಳವಣಿಗೆಯನ್ನು ಸರಕಾರವೇ ಗಮನಿಸುತ್ತಾ ಕುಳಿತಿತ್ತು. ಆದರೆ ಅದು ಬಯಲಾದದ್ದು ಧ್ವನಿಸಂದೇಶದಿಂದಲ್ಲ. ದಾಖಲೆಗಳಿಂದ, ಹೆಸರು ಹೇಳಿ ಮುಂದೆ ಬಂದವರಿಂದ, ಪತ್ರಕರ್ತರಿಂದ. ಪ್ರಾಮಾಣಿಕವಾದ ಸಂದೇಹವು ಉತ್ತರವನ್ನು ಬಯಸುತ್ತದೆ, ಉತ್ತರ ಸಿಕ್ಕಿದಾಗ ತನ್ನನ್ನು ತಿದ್ದಿಕೊಳ್ಳುತ್ತದೆ. ಪಿತೂರಿಯ ಕಥೆಯಾದರೋ ಪ್ರತಿಯೊಂದು ಉತ್ತರವನ್ನೂ ನುಂಗಿ ಮತ್ತಷ್ಟು ಕೊಬ್ಬುತ್ತದೆ. ಸಮಿತಿ ವರದಿ ಕೊಟ್ಟರೆ ‘ಸಮಿತಿಯೂ ಅವರದ್ದೇ’ ಎನ್ನುತ್ತದೆ. ತಾನು ಸುಳ್ಳೆಂದು ಯಾವ ಸಾಕ್ಷ್ಯದಿಂದ ಒಪ್ಪಿಕೊಳ್ಳುವೆನೆಂದು ಅದನ್ನು ಕೇಳಿ ನೋಡಿ, ಉತ್ತರವಿರುವುದಿಲ್ಲ.

ಸುದ್ದಿ ತಂದವನನ್ನು ವಿಚಾರಿಸಿ ನೋಡದೆ ನಂಬಿದರೆ, ಅರಿಯದೆ ಒಂದು ಜನಸಮೂಹಕ್ಕೆ ಹಾನಿ ಮಾಡಿ ಬಳಿಕ ಪಶ್ಚಾತ್ತಾಪಪಡಬೇಕಾದೀತೆಂದು ಸೂರಃ ಅಲ್ ಹುಜುರಾತ್ ನಮ್ಮನ್ನು ಎಚ್ಚರಿಸುತ್ತದೆ. ಈ ಎಚ್ಚರಿಕೆಯನ್ನು ನಾವು ಸಾಮಾನ್ಯವಾಗಿ ನಮ್ಮ ವಿರುದ್ಧ ಹಬ್ಬುವ ಸುಳ್ಳುಗಳ ಸಂದರ್ಭದಲ್ಲಿ ಇತರರಿಗೆ ನೆನಪಿಸುತ್ತೇವೆ. ನಮ್ಮದೇ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಅದನ್ನು ಅನ್ವಯಿಸುವವರು ಎಷ್ಟು ಮಂದಿ? ಇಲ್ಲಿ ಹಾನಿಗೊಳಗಾಗುವ ಜನಸಮೂಹ ಬೇರೆ ಯಾವುದೂ ಅಲ್ಲ, ನಮ್ಮ ಮನೆಯೇ. ಲಸಿಕೆಯನ್ನು ಶಪಿಸುತ್ತಾ ಕುಳಿತವನು ತನ್ನ ಸಕ್ಕರೆಯ ಪ್ರಮಾಣವನ್ನು ಪರೀಕ್ಷಿಸಿಕೊಳ್ಳುವುದಿಲ್ಲ. ಸಂಚುಕೋರರನ್ನು ಹುಡುಕುವವನಿಗೆ ತನ್ನ ಕೈಯಲ್ಲಿರುವ ಬೀಡಿ ಕಾಣುವುದಿಲ್ಲ. ಮುಂದೆ ಮೊಮ್ಮಗಳಿಗೆ ದಡಾರದ ಚುಚ್ಚುಮದ್ದು ಹಾಕಿಸುವ ದಿನ ಬಂದಾಗ ಅದೇ ಸಂದೇಹ ಬಾಗಿಲಿಗೆ ಅಡ್ಡ ನಿಲ್ಲುತ್ತದೆ.

ಬೂವನಹಳ್ಳಿಯ ಚಾಚಾರವರು ಕೆಲವು ವಾರಗಳ ಬಳಿಕ ಮಾತ್ರೆಯನ್ನು ಮತ್ತೆ ಆರಂಭಿಸಿದರು. ಸಮಿತಿಯ ವರದಿಯನ್ನು ನಾವು ಓದಿ ಹೇಳಿದ್ದು ಅವರ ಮೇಲೆ ಹೆಚ್ಚಿನ ಪರಿಣಾಮವನ್ನೇನೂ ಬೀರಿರಲಿಲ್ಲ. ಆ ಊರಿನ ಆಶಾ ಕಾರ್ಯಕರ್ತೆ ಮನೆಗೆ ಬಂದು, ಕುಳಿತು, ಅವರ ಸಂದೇಹವನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದರಂತೆ. ಆಮೇಲೆ, “ನಾನೂ ಅದೇ ಚುಚ್ಚುಮದ್ದು ಹಾಕಿಸಿಕೊಂಡವಳು ಸಾಹೇಬರೇ, ನನ್ನ ಮಕ್ಕಳಿಗೂ ಹಾಕಿಸಿದ್ದೇನೆ. ಬನ್ನಿ, ಬಿ.ಪಿ. ನೋಡೋಣ” ಎಂದರಂತೆ. ಅಂದು ಅವರ ರಕ್ತದೊತ್ತಡ ಭಯಪಡುವಷ್ಟು ಏರಿತ್ತು.

ನಂಬಿಕೆ ಮುರಿದಲ್ಲಿ ವದಂತಿ ಹುಟ್ಟುತ್ತದೆ. ನಂಬಿಕೆ ಮತ್ತೆ ಬೆಸೆದಲ್ಲಿ ಅದು ಸಾಯುತ್ತದೆ. ಆದುದರಿಂದ ವದಂತಿಯನ್ನು ನಂಬಿದವರನ್ನು ಹೀಯಾಳಿಸದೆ, ಅವರ ಪಕ್ಕದಲ್ಲಿ ಕುಳಿತು ಕೇಳೋಣ. ನಮ್ಮ ಜುಮಾ ಖುತ್ಬಾಗಳಲ್ಲಿ, ಜಮಾಅತಿನ ಸಭೆಗಳಲ್ಲಿ ಊರಿನ ವೈದ್ಯರಿಗೂ ಆರೋಗ್ಯ ಕಾರ್ಯಕರ್ತೆಯರಿಗೂ ಮಾತನಾಡಲು ಅವಕಾಶ ಕೊಡೋಣ. ಕಳುಹಿಸುವ ಗುಂಡಿಯ ಮೇಲೆ ಬೆರಳಿಡುವ ಮುನ್ನ ಒಂದು ಕ್ಷಣ ತಡೆಯೋಣ. ಮಗನ ಗೋರಿಯ ಮಣ್ಣು ಇನ್ನೂ ಹಸಿಯಾಗಿದ್ದಾಗಲೇ ಗ್ರಹಣದ ಕಥೆಯನ್ನು ತಿದ್ದಿದವರ ಅನುಯಾಯಿಗಳು ನಾವು.