ಹೊನ್ನೆ

ಹೊನ್ನೆ (ಟೆರೋಕಾರ್ಪಸ್ ಮಾರ್ಸುಪಿಯಂ) ಫ್ಯಾಬೇಸೀ ಕುಟುಂಬಕ್ಕೆ ಸೇರಿದ, ಎಲೆ ಉದುರಿಸುವ ದೊಡ್ಡ ಮರ. ಬೇಂಗೆ ಎಂಬುದು ಇದರ ಇನ್ನೊಂದು ಹೆಸರು. ಸಂಸ್ಕೃತದಲ್ಲಿ ಇದನ್ನು ಅಸನ ಮತ್ತು ಬೀಜಕ ಎಂದೂ ಮರಾಠಿಯಲ್ಲಿ ಬಿಬಳಾ ಎಂದೂ ಕರೆಯುತ್ತಾರೆ. ಔಷಧಿ ವ್ಯಾಪಾರದಲ್ಲಿ ಇದು ವಿಜಯಸಾರ ಎಂದು ಪ್ರಸಿದ್ಧವಾಗಿದೆ.

ನೆಲೆ ಮತ್ತು ಲಕ್ಷಣಗಳು

ಭಾರತ, ನೇಪಾಳ ಮತ್ತು ಶ್ರೀಲಂಕಾ ಇದರ ನೆಲೆ. ಕರ್ನಾಟಕದಲ್ಲಿ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕು, ಉತ್ತರ ಕನ್ನಡ ಮುಂತಾದ ಕಡೆಗಳ ಎಲೆ ಉದುರುವ ಕಾಡುಗಳಲ್ಲಿ ಮತ್ತಿ, ನಂದಿ, ತೇಗದ ಮರಗಳೊಂದಿಗೆ ಬೆಳೆಯುತ್ತದೆ. ಮರವು ಸುಮಾರು 30 ಮೀಟರ್ ಎತ್ತರವಾಗಬಲ್ಲದು. ಹೂಗಳು ಹಳದಿ ಬಣ್ಣದವು, ಸುವಾಸನೆಯುಳ್ಳವು. ಕಾಯಿ ದುಂಡಾಗಿದ್ದು ಸುತ್ತಲೂ ರೆಕ್ಕೆಯಿರುತ್ತದೆ. ತೊಗಟೆಗೆ ಗಾಯವಾದರೆ ರಕ್ತದಂಥ ಕೆಂಪು ಅಂಟು ಒಸರುತ್ತದೆ.

ಸಾಂಪ್ರದಾಯಿಕ ಬಳಕೆ

ಚೇಗಿನಿಂದ (ಕಾಂಡದ ಗಟ್ಟಿಯಾದ ಒಳಭಾಗ) ಲೋಟಗಳನ್ನು ಕಡೆಯುತ್ತಾರೆ. ಅದರಲ್ಲಿ ರಾತ್ರಿಯಿಡೀ ಇಟ್ಟ ನೀರು ಕಂದುಬಣ್ಣಕ್ಕೆ ತಿರುಗಿ, ಬೆಳಕಿನಲ್ಲಿ ನೀಲಿ ಛಾಯೆ ತೋರುತ್ತದೆ. ಮಧುಮೇಹಿಗಳು ಈ ನೀರನ್ನು ಬೆಳಿಗ್ಗೆ ಕುಡಿಯುವ ರೂಢಿಯಿದೆ. ಒಗರಾದ ಅಂಟನ್ನು ಅತಿಸಾರಕ್ಕೆ ಬಳಸುತ್ತಿದ್ದರು. ‘ಕಿನೊ’ ಎಂಬ ಹೆಸರಿನಲ್ಲಿ ಇದು ಬ್ರಿಟಿಷ್ ಔಷಧಕೋಶದಲ್ಲಿಯೂ ಸ್ಥಾನ ಪಡೆದಿತ್ತು.

ರಾಸಾಯನಿಕ ಘಟಕಗಳು

ಅಂಟಿನ ಒಗರಿಗೆ ಟ್ಯಾನಿನ್‌ಗಳು ಕಾರಣ. ತೊಗಟೆಯಲ್ಲಿ ಎಪಿಕ್ಯಾಟೆಚಿನ್ ಇದೆ. ಚೇಗಿನಲ್ಲಿ ಟೆರೋಸ್ಟಿಲ್ಬೀನ್, ಮಾರ್ಸುಪ್ಸಿನ್, ಟೆರೋಸುಪಿನ್ ಮೊದಲಾದ ಫೀನಾಲಿಕ್ ಸಂಯುಕ್ತಗಳಿವೆ. ಇವುಗಳಲ್ಲಿ ಟೆರೋಸ್ಟಿಲ್ಬೀನ್ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ. ಆದ್ದರಿಂದ ಚೇಗಿನಲ್ಲಿರುವ ಎಲ್ಲ ಘಟಕಗಳೂ ಲೋಟದ ನೀರಿಗೆ ಅದೇ ಪ್ರಮಾಣದಲ್ಲಿ ಇಳಿಯುತ್ತವೆ ಎನ್ನಲಾಗದು.

ವೈದ್ಯಕೀಯ ಅಧ್ಯಯನಗಳು

ಎಪಿಕ್ಯಾಟೆಚಿನ್ ಮಧುಮೇಹವುಳ್ಳ ಇಲಿಗಳಲ್ಲಿ ಇನ್ಸುಲಿನ್ ಸ್ರವಿಸುವ ಬೀಟಾ ಕೋಶಗಳನ್ನು ಮತ್ತೆ ಬೆಳೆಸುತ್ತದೆಂದು 1980ರ ದಶಕದ ಆರಂಭದಲ್ಲಿ ವರದಿಯಾಯಿತು. ಆದರೆ ಬೇರೆ ಪ್ರಯೋಗಾಲಯಗಳಲ್ಲಿ ಆ ಫಲಿತಾಂಶ ಮರುಕಳಿಸಲಿಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ನಾಲ್ಕು ಕೇಂದ್ರಗಳಲ್ಲಿ ಹೊಸ ಮಧುಮೇಹ ರೋಗಿಗಳ ಮೇಲೆ ವಿಜಯಸಾರದ ಸಾರವನ್ನು ಪರೀಕ್ಷಿಸಿ, 1998ರಲ್ಲಿ ಫಲಿತಾಂಶ ಪ್ರಕಟಿಸಿತು. 12 ವಾರಗಳಲ್ಲಿ 97 ರೋಗಿಗಳ ಪೈಕಿ 67 ಮಂದಿಯ ರಕ್ತದ ಸಕ್ಕರೆ ಹತೋಟಿಗೆ ಬಂದಿತು. ಆದರೆ ಇದು ಹೋಲಿಕೆಯ ಗುಂಪಿಲ್ಲದ ಮುಕ್ತ ಪ್ರಯೋಗವಾಗಿತ್ತು. ಅಲ್ಲದೆ ಪರೀಕ್ಷೆಗೊಳಪಟ್ಟದ್ದು ಸಾರವೇ ಹೊರತು ಲೋಟದ ನೀರಲ್ಲ. ಸಾಂಪ್ರದಾಯಿಕ ಔಷಧಿಗಳ ಅಧ್ಯಯನಕ್ಕಾಗಿ ಇದೇ ಪರಿಷತ್ತಿನ ರಾಷ್ಟ್ರೀಯ ಸಂಸ್ಥೆಯೊಂದು ಬೆಳಗಾವಿಯಲ್ಲಿದೆ.

ಎಚ್ಚರಿಕೆ

ಲೋಟದ ನೀರನ್ನು ನಂಬಿ ಇನ್ಸುಲಿನ್ ಅಥವಾ ಮಾತ್ರೆಗಳನ್ನು ನಿಲ್ಲಿಸುವುದು ಅಪಾಯಕಾರಿ. ಮಾತ್ರೆಯೊಂದಿಗೆ ವಿಜಯಸಾರವನ್ನೂ ಸೇವಿಸಿದರೆ ಸಕ್ಕರೆಯ ಮಟ್ಟ ಅತಿಯಾಗಿ ಕುಸಿಯುವ ಸಾಧ್ಯತೆಯಿರುವುದರಿಂದ ಚಿಕಿತ್ಸೆ ನೀಡುವ ವೈದ್ಯರಿಗೆ ಮೊದಲೇ ತಿಳಿಸಬೇಕು.

ಸಂರಕ್ಷಣೆ

ಹೊನ್ನೆ ಬೆಲೆಬಾಳುವ ನಾಟಾ ಮರವೂ ಹೌದು. ಅಂಟನ್ನು ತೊಗಟೆಗೆ ಕಚ್ಚುಹಾಕಿ ಪಡೆಯಬಹುದು. ಚೇಗಿಗಾಗಿ ಮಾತ್ರ ಮರವನ್ನೇ ಕಡಿಯಬೇಕಾಗುತ್ತದೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇದು ಅಪಾಯದ ಅಂಚಿಗೆ ಸಮೀಪವಿರುವ ಪ್ರಭೇದವೆಂದು ದಾಖಲಾಗಿದೆ.